ಮೊದಲ ತುತ್ತು

(ಬಾನುಲಿ ಭಾಷಣ)

ನಮ್ಮ ಹಿರಿಯರು ಹದಿನಾರು ಸಂಸ್ಕಾರಗಳನ್ನು ಎಣಿಸುವಾಗ ಮಗುವಿನ ಮೊದಲ ತುತ್ತಿಗೂ ಒಂದು ಸ್ಥಾನವನ್ನು ಕೊಟ್ಟರು. ಅದೇ ಅನ್ನಪ್ರಾಶನ. ಗೃಹ್ಯಸೂತ್ರಗಳು ಇದಕ್ಕೆ ವಿಧಿಸಿದ ಕಾಲ ಆರನೆಯ ತಿಂಗಳು. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ನೀಡಿದ ಸಲಹೆಯೂ ಇದಕ್ಕೆ ಸಮೀಪದ್ದೇ: ಆರು ತಿಂಗಳು ತುಂಬುವವರೆಗೆ ತಾಯ ಹಾಲೊಂದೇ ಸಾಕು, ಅನಂತರ ಹಾಲಿನೊಡನೆ ಬೇರೆ ಆಹಾರವೂ ಬೇಕು.

ಆರು ತಿಂಗಳೇ ಏಕೆ? ಹುಟ್ಟುವಾಗ ಮಗು ತನ್ನ ಒಡಲಲ್ಲಿ ಕಬ್ಬಿಣಾಂಶದ ಸಣ್ಣದೊಂದು ಬುತ್ತಿಯನ್ನು ಕಟ್ಟಿಕೊಂಡು ಬಂದಿರುತ್ತದೆ. ಆರು ತಿಂಗಳ ವೇಳೆಗೆ ಆ ಬುತ್ತಿ ಬರಿದಾಗುತ್ತ ಬರುತ್ತದೆ. ತಾಯ ಹಾಲಿನಲ್ಲಿರುವ ಕಬ್ಬಿಣಾಂಶವಾದರೋ ಅತ್ಯಲ್ಪ. ಅದೇ ಹೊತ್ತಿಗೆ ಕತ್ತು ನಿಂತಿರುತ್ತದೆ, ಆಸರೆಯಿಂದ ಕೂರುವುದು ಬಂದಿರುತ್ತದೆ, ಬಾಯಿಗಿಟ್ಟುದನ್ನು ನಾಲಗೆಯಿಂದ ಹೊರದೂಡುವ ಹುಟ್ಟುಗುಣವೂ ಕಡಮೆಯಾಗಿರುತ್ತದೆ.

ಆದರೆ ಇಲ್ಲಿಯೇ ಒಂದು ತೊಡಕು. ಏಳು ಕಿಲೋ ತೂಗುವ ಮಗುವಿನ ಜಠರ ಒಮ್ಮೆಗೆ ಹಿಡಿಯುವುದು ಸುಮಾರು 200 ಮಿಲಿಲೀಟರು. ಹಿಟ್ಟನ್ನು ಬೇಯಿಸಿದಾಗ ಅದರ ಪಿಷ್ಟವು ನೀರನ್ನು ಹೀರಿ ಉಬ್ಬುತ್ತದೆ. ಗಟ್ಟಿಯಾದರೆ ಮಗು ನುಂಗದು. ನುಂಗಲೆಂದು ನೀರು ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹೊಟ್ಟೆ ತುಂಬಿದ ಮಗು ಅಳುವುದಿಲ್ಲ; ಆದುದರಿಂದಲೇ ಈ ಕೊರತೆ ತಾಯಿಯ ಕಣ್ಣಿಗೆ ಬೇಗನೆ ಬೀಳುವುದಿಲ್ಲ.

ಈ ತೊಡಕಿಗೆ ಪರಿಹಾರ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಹಳೆಯ ಮೈಸೂರಿನ ಕಡೆ ರಾಗಿ ಸರಿಗೆಂದು ರಾಗಿಯನ್ನು ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹಗುರಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುವುದುಂಟು. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಹಿಟ್ಟು ನಿಧಾನವಾಗಿ ಬಿಸಿಯಾಗುವಾಗ ಅದು ಪಿಷ್ಟವನ್ನು ತುಂಡರಿಸುತ್ತದೆ. ಹೀಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಮೃದುವಾಗಿಯೇ ಉಳಿಯುತ್ತದೆ. ಅದೇ ಬಟ್ಟಲಿನಲ್ಲಿ ಹೆಚ್ಚು ಸತ್ವ ಸೇರುತ್ತದೆ. ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟಿನ ಅಂಶವೂ ಮೊಳಕೆಯಿಂದ ತಗ್ಗುತ್ತದೆ. ಮೊಳಕೆಯ ರಾಗಿಯನ್ನು ಕಪ್ಪಾಗುವಂತೆ ಹುರಿದರೆ ಮಾತ್ರ ಕಿಣ್ವ ನಾಶವಾಗಿ ಪಟ್ಟ ಶ್ರಮ ವ್ಯರ್ಥವಾದೀತು.

ಹಾಗೆಂದು ರಾಗಿಯೊಂದರಿಂದಲೇ ಎಲ್ಲವೂ ಆಗದು. ಅದರಲ್ಲಿ ಸುಣ್ಣದ ಅಂಶ ಹೇರಳ. ನೂರು ಗ್ರಾಮಿನಲ್ಲಿ 340 ಮಿಲಿಗ್ರಾಮಿಗೂ ಮೇಲೆ. ಆದರೆ ಅದರೊಡನೆ ಬೆಂದ ಹೆಸರುಬೇಳೆ, ಸೊಪ್ಪು, ಕಿವಿಚಿದ ಹಣ್ಣು, ಒಂದಿಷ್ಟು ತುಪ್ಪ, ತಿನ್ನುವವರ ಮನೆಯಲ್ಲಿ ಮೊಟ್ಟೆ ಅಥವಾ ಮೀನು, ಇವೂ ಕ್ರಮವಾಗಿ ಸೇರಬೇಕು. ವರ್ಷ ತುಂಬುವ ಮುನ್ನ ಜೇನುತುಪ್ಪ ಮಾತ್ರ ಸಲ್ಲದು. ಅದರಲ್ಲಿ ಅಡಗಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಹಸುಗೂಸಿನ ನರಗಳಿಗೆ ವಿಷವಾಗಬಲ್ಲುದು.

ಮೊದಲಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ. ಒಂಬತ್ತನೆಯ ತಿಂಗಳಿನಿಂದ ಮೂರು ನಾಲ್ಕು ಸಲ. ತಾಯ ಹಾಲು ಎರಡು ವರ್ಷದವರೆಗೂ ಅದರಾಚೆಗೂ ನಡೆಯಲಿ. ಮಗು ಮುಖ ತಿರುಗಿಸಿದರೆ ಬಲವಂತ ಬೇಡ. ನಾಳೆ ಮತ್ತೆ ಕೊಟ್ಟರಾಯಿತು. ಆಹಾರದ ಹದವನ್ನು ಅರಿಯಲು ಯಾವ ಉಪಕರಣವೂ ಬೇಡ. ಚಮಚವನ್ನು ಕೊಂಚ ವಾಲಿಸಿ ನೋಡಿರಿ: ಸರಿ ನೀರಿನಂತೆ ಹರಿದುಹೋಗದೆ ಚಮಚದಲ್ಲಿಯೇ ನಿಂತರೆ, ಮಗುವಿಗೆ ಉಣಿಸುತ್ತಿರುವುದು ಊಟವೆಂದು ತಿಳಿಯಬಹುದು.