ಎರಡಂಗುಲದ ಏರಿಕೆ

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ರೈಲಿನಲ್ಲಿ ಹೋಗುವವರಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದರ ಹಿಂದೊಂದಾಗಿ ಎದುರಾಗುತ್ತವೆ. ಈ ಮೂರು ಊರುಗಳ ಸುತ್ತಲಿನ ಹೊಲಗಳಲ್ಲಿ ಎರೆಯ ಮಣ್ಣು ಸಾಕಷ್ಟಿದೆ. ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಆ ಮಣ್ಣು ಮಳೆ ಬಿದ್ದೊಡನೆ ಉಬ್ಬಿ ಅಂಟಾಗುತ್ತದೆ. ಇದರ ಕಾರಣವು ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ಅದರ ಪದರಗಳ ನಡುವೆ ನೀರಿನ ಅಣುಗಳು ನುಗ್ಗಿ ಪದರಗಳನ್ನು ದೂರ ತಳ್ಳುತ್ತವೆ. ಇಂಥ ನೆಲದಲ್ಲಿ ವಾಹನವನ್ನು ನಡೆಸುವುದು ಎಷ್ಟು ಕಷ್ಟವೆಂಬುದನ್ನು ಮಳೆಗಾಲದಲ್ಲಿ ಹೊಲದ ದಾರಿ ಹಿಡಿದವರೆಲ್ಲರೂ ಬಲ್ಲರು.

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹಾವೇರಿಯ ನಮ್ಮ ಮನೆಗೆ ಬಂದನು. ಬ್ಯಾಡಗಿಯ ಬಳಿ ಅವನಿಗೆ ಮೆಣಸಿನಕಾಯಿಯ ಹೊಲವಿದೆ. ಓಡಾಟಕ್ಕೆ ಒಂದು ಹಳೆಯ ಜೀಪಿದೆ. ಹೊಲದ ದಾರಿಯಲ್ಲಿ ಜೀಪಿನ ಅಡಿಗೆ ಕಲ್ಲು ತಾಗುತ್ತದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ರಾಡಿ ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ. ಇವೆರಡಕ್ಕೂ ಅವನು ಒಂದೇ ಔಷಧವನ್ನು ಕಂಡುಕೊಂಡಿದ್ದನು.

"ಸರ, ಬಾಡಿ ಎರಡು ಇಂಚು ಎತ್ತಿಸಿಬಿಡ್ತೀನ್ರಿ. ಆಮ್ಯಾಲ ಕಲ್ಲೂ ತಾಗೂದಿಲ್ಲ, ರಾಡಿನೂ ಸಿಗೂದಿಲ್ಲ, ಹೌದಲ್ರಿ?"

"ರಾಡಿಯ ಮಾತು ನಿಜ, ಕಲ್ಲಿನ ಮಾತು ಸುಳ್ಳು" ಎಂದೆವು. ಅವನಿಗೆ ನಂಬಿಕೆ ಬರಲಿಲ್ಲ. ಅದೇ ವಾರ ರಾಣೆಬೆನ್ನೂರಿನ ಒಂದು ಗ್ಯಾರೇಜಿನಲ್ಲಿ ಬೇರೊಬ್ಬರ ಜೀಪಿಗೆ ಇಂಥದೇ ಕೆಲಸ ನಡೆಯುವುದಿತ್ತು. ಇಬ್ಬರೂ ಕೂಡಿ ನೋಡಲು ಹೋದೆವು. ಅಲ್ಲಿ ಕಂಡುದನ್ನೂ ಮನೆಗೆ ಬಂದು ಲೆಕ್ಕ ಹಾಕಿದುದನ್ನೂ ವಾಚಕರ ಮುಂದಿಡುತ್ತಿದ್ದೇವೆ.

ಇಂದಿನ ಬಹುತೇಕ ಕಾರುಗಳಲ್ಲಿ ಒಡಲೂ ಅಡಿಕಟ್ಟೂ ಬೆಸೆದ ಒಂದೇ ಪೆಟ್ಟಿಗೆ. ಜೀಪಿನ ರಚನೆ ಹಾಗಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ವಾಹನವನ್ನು ನಮ್ಮ ದೇಶದಲ್ಲಿ ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ಜೋಡಿಸತೊಡಗಿದರು. ಅಂದಿನ ವಿಲ್ಲಿಸ್ ಜೀಪಿನಿಂದ ಹಿಡಿದು ೨೦೧೦ರಲ್ಲಿ ಬಂದ ಥಾರ್‌ವರೆಗೆ ಮೂಲ ರಚನೆ ಒಂದೇ: ಕೆಳಗೆ ಉಕ್ಕಿನ ಏಣಿಯಂಥ ಚಾಸಿ, ಅದರ ಮೇಲೆ ಬೋಲ್ಟುಗಳಿಂದ ಬಿಗಿದ ಒಡಲು. ಎಂಜಿನ್ನು, ಗಿಯರುಪೆಟ್ಟಿಗೆ, ಸ್ಪ್ರಿಂಗುಗಳು ಚಾಸಿಗೆ ಸೇರಿದವು. ಆಸನ, ಬಾಗಿಲು, ಮಡ್‌ಗಾರ್ಡು ಒಡಲಿಗೆ ಸೇರಿದವು. ಇವೆರಡರ ನಡುವೆ ಪ್ರತಿ ಬೋಲ್ಟಿನ ಬಳಿಯಲ್ಲಿ ಒಂದೊಂದು ರಬ್ಬರಿನ ಗಟ್ಟಿಯಿರುತ್ತದೆ. ನಮ್ಮ ಚಕ್ಕಡಿಯನ್ನು ನೆನೆಸಿಕೊಂಡರೆ ತಿಳಿಯುವುದು ಸುಲಭ. ಅಚ್ಚೂ ಗಾಲಿಯೂ ಒಂದು ಭಾಗ, ಮೇಲಿನ ಸಾಟಿ ಇನ್ನೊಂದು ಭಾಗ.

ಬಾಡಿ ಲಿಫ್ಟ್ ಎಂದರೆ ಈ ರಬ್ಬರಿನ ಜಾಗದಲ್ಲಿ ಒಂದು ಅಥವಾ ಎರಡಂಗುಲ ದಪ್ಪದ ಬಿಲ್ಲೆಯನ್ನು ಸೇರಿಸಿ, ಉದ್ದವಾದ ಹೊಸ ಬೋಲ್ಟುಗಳಿಂದ ಒಡಲನ್ನು ಮತ್ತೆ ಬಿಗಿಯುವುದು. ಇಷ್ಟನ್ನು ತಿಳಿದ ಮೇಲೆ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಕಲ್ಲು ತಾಗುವುದು ಒಡಲಿಗಲ್ಲ, ಅಚ್ಚಿನ ನಡುವೆ ಗಡಿಗೆಯಂತೆ ಉಬ್ಬಿರುವ ಡಿಫರೆನ್ಷಿಯಲ್ಲಿಗೆ. ಅಚ್ಚು ನೆಲದಿಂದ ಎಷ್ಟು ಎತ್ತರವಿರಬೇಕೆಂಬುದನ್ನು ನಿರ್ಣಯಿಸುವುದು ಚಕ್ರದ ತ್ರಿಜ್ಯವೊಂದೇ. ಒಡಲನ್ನು ಮಾಳಿಗೆಯವರೆಗೆ ಎತ್ತಿದರೂ ಡಿಫರೆನ್ಷಿಯಲ್ಲು ಇದ್ದಲ್ಲಿಯೇ ಇರುತ್ತದೆ.

ಹಾಗಾದರೆ ಪ್ರಯೋಜನವೇನು? ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬಯಲು ಹೆಚ್ಚುತ್ತದೆ. ಎರೆಯ ರಾಡಿಗೆ ಅಲ್ಲಿ ಸಿಕ್ಕಿಕೊಳ್ಳದೆ ಹೊರಬೀಳಲು ಎಡೆಯಾಗುತ್ತದೆ. ಅಲ್ಲದೆ ಇನ್ನೂ ದೊಡ್ಡ ಟೈರನ್ನು ಹಾಕಲು ಅವಕಾಶ ಸಿಗುತ್ತದೆ. ಅಚ್ಚನ್ನು ನಿಜವಾಗಿ ಎತ್ತುವುದು ಆ ಟೈರು. ೨೮ ಅಂಗುಲ ವ್ಯಾಸದ ಟೈರಿಗೆ ಬದಲಾಗಿ ೩೧ ಅಂಗುಲದ್ದನ್ನು ಹಾಕಿದರೆ ಅಚ್ಚು ಒಂದೂವರೆ ಅಂಗುಲ ಮೇಲೇರುತ್ತದೆ. ಆದರೆ ಅದಕ್ಕೂ ಬೆಲೆಯುಂಟು. ಪರಿಧಿಯು ನೂರಕ್ಕೆ ಸುಮಾರು ೧೧ರಷ್ಟು ಹೆಚ್ಚುವುದರಿಂದ ವೇಗಮಾಪಕವು ೬೦ ತೋರಿಸುವಾಗ ಜೀಪು ೬೬ ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಬ್ರೇಕಿನ ಹಿಡಿತ ಅಷ್ಟೇ ಇದ್ದರೂ ಚಕ್ರದ ತ್ರಿಜ್ಯ ಹೆಚ್ಚಿದುದರಿಂದ ನೆಲದ ಮೇಲೆ ಅದರ ಬಲ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ.

ಗ್ಯಾರೇಜಿನಲ್ಲಿ ಕೆಲಸ ನೋಡಲು ಸರಳವಾಗಿತ್ತು. ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿದರು. ಒಂದು ಬದಿಯ ಬೋಲ್ಟುಗಳನ್ನು ಕಳಚಿ, ಇನ್ನೊಂದು ಬದಿಯವನ್ನು ಸಡಿಲಿಸಿ ಮಾತ್ರ ಬಿಟ್ಟರು. ಜಾಕಿಗೂ ಒಡಲಿಗೂ ನಡುವೆ ಮರದ ಹಲಗೆಯಿಟ್ಟು ಮೆಲ್ಲಗೆ ಎತ್ತಿ ನೈಲಾನಿನ ಬಿಲ್ಲೆಗಳನ್ನು ಕೂಡಿಸಿದರು. ಬಳಿಕ ಮತ್ತೊಂದು ಬದಿ. ಊಟದ ಹೊತ್ತಿಗೆ ಒಡಲು ಎರಡಂಗುಲ ಏರಿತ್ತು.

ನಿಜವಾದ ಕೆಲಸ ಆಮೇಲೆ ಕಾಣಿಸಿಕೊಂಡಿತು. ಒಡಲೂ ಚಾಸಿಯೂ ಬೇರೆ ಬೇರೆ ವಸ್ತುಗಳಾದರೂ ಅನೇಕ ನರಗಳು ಅವೆರಡನ್ನೂ ಜೋಡಿಸಿರುತ್ತವೆ. ಗಿಯರಿನ ಸನ್ನೆಯು ಗಿಯರುಪೆಟ್ಟಿಗೆಯೊಡನೆ ಕೆಳಗೇ ಉಳಿದು, ಅದು ಹಾದುಬರುವ ನೆಲಹಲಗೆಯ ರಂಧ್ರ ಮಾತ್ರ ಮೇಲೇರಿತ್ತು. ಸನ್ನೆಯು ರಂಧ್ರದ ಅಂಚಿಗೆ ತಾಗಿ ಹಿಂದೋಟದ ಗಿಯರು ಪೂರ್ತಿಯಾಗಿ ಬೀಳಲೊಲ್ಲದು. ಸ್ಟೀರಿಂಗಿನ ದಂಡವು ತನ್ನ ಜಾರುಕೀಲಿನಲ್ಲಿ ಎರಡಂಗುಲ ಹೊರಗೆ ಸರಿದಿತ್ತು. ರೇಡಿಯೇಟರು ಒಡಲಿನ ಜೊತೆ ಏರಿ, ಎಂಜಿನ್ನಿನ ಜೊತೆ ಉಳಿದ ಫ್ಯಾನಿನ ರೆಕ್ಕೆಗಳು ಸುತ್ತಲಿನ ಕವಚದ ಕೆಳಅಂಚಿಗೆ ತಾಗುವಂತಿದ್ದವು. ಇವೆಲ್ಲವನ್ನೂ ಅಲ್ಲಿಯ ಮೇಸ್ತ್ರಿಗಳು ಒಂದೊಂದಾಗಿ ಸರಿಪಡಿಸಿದರು.

ಒಂದನ್ನು ಮಾತ್ರ ಅವರು ಗಮನಿಸಿರಲಿಲ್ಲ. ಬ್ರೇಕಿನ ಮುಖ್ಯ ಸಿಲಿಂಡರು ಒಡಲಿನ ಮೇಲಿದೆ. ಅದರಿಂದ ಹೊರಟ ಲೋಹದ ಕೊಳವೆಯು ಚಾಸಿಗೆ ಇಳಿಯುತ್ತದೆ. ಆ ಕೊಳವೆಯು ವೀಣೆಯ ತಂತಿಯಂತೆ ಬಿಗಿದುಕೊಂಡಿತ್ತು. ನಿಂತಿರುವ ಜೀಪಿನಲ್ಲಿ ಅದರಿಂದ ತೊಂದರೆಯಿಲ್ಲ. ಆದರೆ ಹೊಲದ ದಾರಿಯಲ್ಲಿ ಒಡಲೂ ಚಾಸಿಯೂ ಬೇರೆ ಬೇರೆಯಾಗಿ ನಡುಗುವಾಗ ಆ ಲೋಹವು ಬಾಗಿ ಬಾಗಿ ದಣಿದು ಒಂದು ದಿನ ಸೀಳುತ್ತದೆ. ಆ ದಿನ ಕಾಲಡಿಯ ಬ್ರೇಕು ನೆಲಕ್ಕಂಟುತ್ತದೆ. ನಮ್ಮ ವಿದ್ಯಾರ್ಥಿಯೇ ಬೆರಳಿಟ್ಟು ಅದನ್ನು ತೋರಿಸಿದನು. ಮೇಸ್ತ್ರಿಗಳು ಕೂಡಲೇ ಒಪ್ಪಿಕೊಂಡು ಕೊಳವೆಯನ್ನು ಕಳಚಿ, ಉದ್ದವಾದ ಬಾಗುವ ಕೊಳವೆಯನ್ನು ಜೋಡಿಸಿದರು.

ಬೋಲ್ಟುಗಳ ವಿಷಯವೂ ಇಷ್ಟೇ ಗಂಭೀರವಾದದ್ದು. ಗಂಟೆಗೆ ೫೦ ಕಿಲೋಮೀಟರು ವೇಗದ ಜೀಪು ಏನನ್ನಾದರೂ ಹಾಯ್ದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ. ಆಗಿನ ಪ್ರತಿವೇಗವು ಗುರುತ್ವದ ಸುಮಾರು ೨೦ ಪಟ್ಟು. ೬೦೦ ಕಿಲೋಗ್ರಾಂ ತೂಗುವ ಒಡಲು ಮುಂದಕ್ಕೆ ನುಗ್ಗುವಾಗ ಎಂಟು ಬೋಲ್ಟುಗಳಲ್ಲಿ ಪ್ರತಿಯೊಂದರ ಮೇಲೂ ಬೀಳುವ ಬಲ ಸುಮಾರು ಒಂದೂವರೆ ಟನ್ನಿನ ಭಾರಕ್ಕೆ ಸಮ. ಒಡಲು ಚಾಸಿಗೆ ಹತ್ತಿರವಿದ್ದರೆ ಈ ಬಲವು ಬೋಲ್ಟನ್ನು ಕತ್ತರಿಸಲು ಯತ್ನಿಸುತ್ತದೆ. ನಡುವೆ ಬಿಲ್ಲೆಯ ಎತ್ತರ ಬಂದಾಗ ಅದೇ ಬಲ ಸನ್ನೆಗೋಲಾಗಿ ಬೋಲ್ಟನ್ನು ಬಾಗಿಸುತ್ತದೆ. ಎತ್ತರ ಇಮ್ಮಡಿಯಾದರೆ ಬಾಗಿಸುವ ಭ್ರಮಣವೂ ಇಮ್ಮಡಿ. ಆದಕಾರಣ ವಾಷರುಗಳ ಗೋಪುರವನ್ನಾಗಲಿ, ಮರದ ತುಂಡನ್ನಾಗಲಿ, ಬಿಲ್ಲೆಯ ಮೇಲೆ ಬಿಲ್ಲೆಯನ್ನಾಗಲಿ ಇಡಕೂಡದು. ಪ್ರತಿ ಬೋಲ್ಟಿನಡಿಯಲ್ಲೂ ಒಂದೇ ಅಖಂಡ ಬಿಲ್ಲೆ, ಹೆಚ್ಚು ಬಲದ ಉಕ್ಕಿನ ಬೋಲ್ಟು, ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿತ—ಇವು ಬಿಡಲಾಗದ ನಿಯಮಗಳು.

ಇನ್ನು ಉರುಳುವ ಭಯ. ಜೀಪು ಓರೆಯಾದಾಗ ಅದರ ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಕದ ದಾರವು ಕೆಳಬದಿಯ ಚಕ್ರವನ್ನು ದಾಟಿದೊಡನೆ ಜೀಪು ಉರುಳುತ್ತದೆ. ೧೬೦೦ ಕಿಲೋಗ್ರಾಂ ತೂಕ, ಎಡಬಲ ಚಕ್ರಗಳ ನಡುವೆ ೧೪೦ ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ ೭೦ ಸೆಂಟಿಮೀಟರು ಎಂದು ಹಿಡಿಯೋಣ. ಇಂಥ ಜೀಪು ೪೫ ಅಂಶದ ಓರೆಯವರೆಗೆ ನಿಲ್ಲಬೇಕು. ಒಡಲನ್ನು ೫ ಸೆಂಟಿಮೀಟರು ಎತ್ತಿದಾಗ ಏರುವುದು ೬೦೦ ಕಿಲೋಗ್ರಾಂ ಮಾತ್ರ. ಒಟ್ಟು ಗುರುತ್ವಕೇಂದ್ರವು ೨ ಸೆಂಟಿಮೀಟರಿಗಿಂತ ತುಸು ಕಡಿಮೆ ಏರುತ್ತದೆ, ಮಿತಿಯು ಸುಮಾರು ೪೪ ಅಂಶಕ್ಕೆ ಇಳಿಯುತ್ತದೆ. ದೊಡ್ಡ ಟೈರು ಇಡೀ ಜೀಪನ್ನೇ ಎತ್ತುವುದರಿಂದ ಅದನ್ನೂ ಕೂಡಿಸಿದರೆ ಮಿತಿ ಸುಮಾರು ೪೩ ಅಂಶ.

"ಬರೇ ಎರಡು ಅಂಶ ಅಲ್ರೀ ಸರ!" ಎಂದು ಅವನು ಹಿಗ್ಗಿದನು.

"ಇನ್ನು ನೀನು ಪೇಟೆಗೆ ಹೊರಟ ಜೀಪಿನ ಲೆಕ್ಕ ಮಾಡು" ಎಂದೆವು. ನೆತ್ತಿಯ ಕಂಬಿಗಳ ಮೇಲೆ ಮೆಣಸಿನಕಾಯಿಯ ಚೀಲಗಳನ್ನು ಹೇರುವುದು ಅವನ ವಾಡಿಕೆ. ಒಣಗಿ ಸುಕ್ಕಾದ ಬ್ಯಾಡಗಿ ಮೆಣಸಿನಕಾಯಿ ತೂಕಕ್ಕಿಂತ ಜಾಗವನ್ನೇ ಹೆಚ್ಚು ಬೇಡುವ ಸರಕು. ಅದನ್ನು ಎತ್ತರವಾಗಿಯೇ ಪೇರಿಸುತ್ತಾರೆ. ನೆಲದಿಂದ ಎರಡು ಮೀಟರು ಎತ್ತರದಲ್ಲಿ ೨೦೦ ಕಿಲೋಗ್ರಾಂ ಸೇರಿಸಿ ನೋಡಿದರೆ ಮಿತಿಯು ಒಮ್ಮೆಲೇ ೩೮ ಅಂಶಕ್ಕೆ ಕುಸಿಯಿತು. ಬಿಲ್ಲೆಯೂ ಟೈರೂ ಕೂಡಿ ಎರಡು ಅಂಶ ಕಳೆದರೆ ಚೀಲಗಳು ಐದು ಅಂಶ ಕಳೆದವು! ಇದೂ ಕಾಗದದ ಮೇಲಿನ, ಅಲುಗದೆ ನಿಂತ ಜೀಪಿನ ಲೆಕ್ಕ. ಓರೆಯಲ್ಲಿ ಕೆಳಬದಿಯ ಸ್ಪ್ರಿಂಗೂ ಟೈರೂ ಅದುಮಿಕೊಳ್ಳುತ್ತವೆ, ಬದುವಿನ ಮೇಲೆ ಒಂದು ಚಕ್ರ ಕುಣಿಗೆ ಬೀಳುತ್ತದೆ, ತಿರುವಿನಲ್ಲಿ ವೇಗವು ಹೊರಕ್ಕೆ ತಳ್ಳುತ್ತದೆ. ಉರುಳುವುದು ಇದಕ್ಕಿಂತ ಬಹಳ ಮೊದಲೇ. ಅವನು ಹಾಳೆಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನೆ ಕುಳಿತನು. ಹೊಲದಿಂದ ಬರುವಾಗ ಆ ಚೀಲಗಳನ್ನು ಹಿಡಿದುಕೊಂಡು ಹಿಂದೆ ನಿಲ್ಲುವವನು ಅವನ ತಮ್ಮ.

ಕಾನೂನಿನ ಮಾತನ್ನೂ ಹೇಳಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದಂತೆ ವಾಹನವನ್ನು ಮಾರ್ಪಡಿಸಕೂಡದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಆದುದರಿಂದ ಬೋಲ್ಟಿಗೆ ಪಾನಾ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿಯುವುದು ಅವಶ್ಯ. ಅನುಮತಿಯಿಲ್ಲದ ಮಾರ್ಪಾಟು ಅಪಘಾತದ ಬಳಿಕ ವಿಮೆಯ ಹಣಕ್ಕೂ ಅಡ್ಡಬರಬಹುದು.

ನಮ್ಮ ವಿದ್ಯಾರ್ಥಿಯು ಈಗ ಎರಡಂಗುಲದ ಆಸೆಯನ್ನು ಬಿಟ್ಟಿದ್ದಾನೆ. ರಾಡಿ ಹೊರಬೀಳಲು ಒಂದಂಗುಲ ಸಾಕೆಂದೂ, ಅದನ್ನಾದರೂ ಕಚೇರಿಯ ಒಪ್ಪಿಗೆ ದೊರೆತರೆ ಮಾತ್ರ ಮಾಡುವುದೆಂದೂ, ಟೈರು ಇದ್ದ ಅಳತೆಯದೇ ಇರಲೆಂದೂ ನಿಶ್ಚಯಿಸಿದ್ದಾನೆ. ಕಲ್ಲಿನ ಉಪಾಯ ಇನ್ನೂ ಸುಲಭವಾಯಿತು: ಅಣ್ಣತಮ್ಮಂದಿರು ಒಂದು ಬೆಳಗು ಹಾರೆ ಹಿಡಿದು ಹೋಗಿ ದಾರಿಯ ಕಲ್ಲುಗಳನ್ನೇ ಕಿತ್ತು ಬದಿಗಿಟ್ಟರು.

ಮೊನ್ನೆ ಬ್ಯಾಡಗಿಯ ಪೇಟೆಯಲ್ಲಿ ಆ ಜೀಪನ್ನು ಕಂಡೆವು. ನೆತ್ತಿಯ ಕಂಬಿಗಳು ಬರಿದಾಗಿದ್ದವು. ಚೀಲಗಳೆಲ್ಲ ಕೆಳಗೆ ಆಸನಗಳ ನಡುವೆ ಇಕ್ಕಟ್ಟಾಗಿ ಕುಳಿತಿದ್ದವು. ತಮ್ಮನು ಮುಂದಿನ ಆಸನದಲ್ಲಿ ಕುಳಿತಿದ್ದನು. "ಎರಡು ಸಲ ಬರಬೇಕಾಗ್ತದ್ರಿ ಸರ" ಎಂದು ಅವನು ನಕ್ಕನು. ಆ ಎರಡನೆಯ ಸಲದ ಖರ್ಚು ಒಂದಿಷ್ಟು ಡೀಸೆಲ್ಲು ಮಾತ್ರ.