‘ಮಿನಿಯೇಚರ್’ ಎಂದು ಬರೆದಿದ್ದರೆ ನಿಮ್ಮ ಗೊಂಬೆಮನೆಗೆ ಹೊಂದುತ್ತದೆಯೇ?

ಖಂಡಿತ ಹೊಂದುತ್ತದೆ ಎನ್ನಲಾಗದು. ಆನ್‌ಲೈನ್ ಫೋಟೋ ನೋಡಿ ತರಿಸಿದ ಕಪ್ ಗೊಂಬೆಯ ಕೈಗೆ ಬಂದಾಗ ಬಕೆಟ್‌ನಂತೆ ಕಾಣುವುದುಂಟು. ಗೊಂಬೆಮನೆ ಸಂಗ್ರಹಿಸುವವರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:12. ಅಂದರೆ ನಿಜದ ಒಂದು ಅಡಿ ಇಲ್ಲಿ ಒಂದು ಇಂಚು. 1924ರಲ್ಲಿ ಪೂರ್ಣಗೊಂಡ, ಇಂಗ್ಲೆಂಡಿನ ವಿಂಡ್ಸರ್ ಕ್ಯಾಸಲ್‌ನಲ್ಲಿರುವ ರಾಣಿ ಮೇರಿಯ ಗೊಂಬೆಮನೆಯೂ ಇದೇ ಅಳತೆಯದು. ಬಾರ್ಬಿ ಸಾಮಾನು ಸುಮಾರು 1:6, ಇದರ ಎರಡು ಪಟ್ಟು.

ಕೊಳ್ಳುವ ಮುನ್ನ ವಿವರದಲ್ಲಿರುವ ಎತ್ತರವನ್ನು 12ರಿಂದ ಗುಣಿಸಿ. 6 ಸೆಂ.ಮೀ. ಮೇಜು 72 ಸೆಂ.ಮೀ. ಆಗುತ್ತದೆ, ಸರಿ. 3 ಸೆಂ.ಮೀ. ಲೋಟ? 36 ಸೆಂ.ಮೀ. ಲೋಟದಲ್ಲಿ ಯಾರು ಕಾಫಿ ಕುಡಿಯುತ್ತಾರೆ! ಅದನ್ನು ಹೂದಾನಿ ಮಾಡಿಕೊಳ್ಳಬಹುದು, ಬಿಡಿ.

ಈ ಲೆಕ್ಕ ಗೊತ್ತಿದ್ದರೆ ದುಬಾರಿ ಸೆಟ್ ಬೇಕಿಲ್ಲ. 2 ಸೆಂ.ಮೀ. ಅಗಲದ ಕೋಟಿನ ಗುಂಡಿ ಊಟದ ತಟ್ಟೆಯಾಗುತ್ತದೆ, ಪೇಸ್ಟ್ ಮುಚ್ಚಳ ಹೂಕುಂಡ. ಹಳೆ ಸೀರೆಯ ಅಂಚು ಕಾರ್ಪೆಟ್ ಆಗಬಲ್ಲದು, ಆದರೆ ಚಿತ್ತಾರ ಸಣ್ಣದಿರಬೇಕು.

ಬಟನ್ ಸೆಲ್ ಹಾಕುವ ಪುಟ್ಟ ದೀಪ ಅಗ್ಗಕ್ಕೆ ಸಿಕ್ಕರೂ, ಸೆಲ್ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಮಗು ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಿ.