ಆಟಕ್ಕೂ ಒಂದು ಪರೀಕ್ಷೆ

ಜಗುಲಿಯ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಚೌಕಾಬಾರ ಆಡುವಾಗ ನಿಯಮದ ವಿಷಯದಲ್ಲಿ ತಕರಾರು ಬಂದರೆ, ಆಡುವವರೇ ಕೂಡಿ ಅಲ್ಲಿಯೇ ತೀರ್ಮಾನಿಸಿಕೊಳ್ಳುತ್ತಾರೆ. ಮೊಬೈಲಿನ ಆಟಕ್ಕೆ ಈ ಸೌಲಭ್ಯವಿಲ್ಲ. ಅದನ್ನು ರಚಿಸಿದವರು ಒಂದೂರಿನಲ್ಲಿ, ಆಡುವವರು ಮತ್ತೊಂದೂರಿನಲ್ಲಿ. ಆಟವು ನಡುವೆ ನಿಂತುಹೋದರೆ ಆಡುವವನು ಅದನ್ನು ಅಳಿಸಿಹಾಕಿ ಬೇರೊಂದನ್ನು ಹುಡುಕಿಕೊಳ್ಳುತ್ತಾನೆ. ಆದುದರಿಂದ ಆಟವು ಬಹುಮಟ್ಟಿಗೆ ಸಿದ್ಧವಾದ ಮೇಲೆ, ರಚನೆಯಲ್ಲಿ ಪಾಲ್ಗೊಳ್ಳದ ಕೆಲವರ ಕೈಗೆ ಅದನ್ನು ಕೊಟ್ಟು ಆಡಿಸಿ ನೋಡುವ ಪದ್ಧತಿಯುಂಟು. ಇದಕ್ಕೆ ‘ಬೀಟಾ ಪರೀಕ್ಷೆ’ ಎಂದು ಹೆಸರು. ಬೀಟಾ ಎಂಬುದು ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರ; ರಚಿಸಿದವರು ತಮ್ಮೊಳಗೇ ನಡೆಸಿಕೊಳ್ಳುವ ಮೊದಲ ಪರೀಕ್ಷೆ ‘ಆಲ್ಫಾ’.

1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಆರಂಭವಾದಾಗ ಇಂತಹ ಆಟಗಳ ರಚನೆ ನಮ್ಮ ದೇಶಕ್ಕೆ ಹೊಸ ಉದ್ಯಮವಾಗಿತ್ತು. ಇಂದು ಶ್ರೀನಗರದಂತಹ ಬಡಾವಣೆಯ ಬಾಡಿಗೆಯ ಕೋಣೆಯೊಂದರಲ್ಲಿ ಇಬ್ಬರು ಮೂವರು ತರುಣರು ಕುಳಿತು ಆಟವನ್ನು ಕಟ್ಟಬಲ್ಲರು. ದೊಡ್ಡ ಸಂಸ್ಥೆಗಳು ಪರೀಕ್ಷೆಗೆಂದೇ ಸಂಬಳದ ನೌಕರರನ್ನು ನೇಮಿಸಿಕೊಳ್ಳುತ್ತವೆ. ಈ ತರುಣರಲ್ಲಿರುವುದು ಅಲ್ಪ ಉಳಿತಾಯ. ಆಟ ಸೋತರೆ ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮವಾದಂತೆ.

ಸಮಾಧಾನದ ಸಂಗತಿಯೆಂದರೆ, ಅವರಿಗೆ ಪರೀಕ್ಷಕರ ದೊಡ್ಡ ಪಡೆ ಬೇಕಾಗಿಲ್ಲ. ಗಣಕಯಂತ್ರವನ್ನು ಬಳಸುವವರ ತೊಡಕುಗಳನ್ನು ಅಭ್ಯಸಿಸಿದ ಡೆನ್ಮಾರ್ಕಿನ ಜೇಕಬ್ ನೀಲ್ಸನ್ ಎಂಬುವರು, ಐವರು ಬಳಸಿ ನೋಡಿದರೆ ಸರಾಸರಿ ಶೇಕಡಾ 85ರಷ್ಟು ತೊಡಕುಗಳು ಹೊರಬೀಳುತ್ತವೆಂದು 2000ದಲ್ಲಿ ಲೆಕ್ಕ ಕೊಟ್ಟರು. ಹದಿನೈದು ಮಂದಿಯನ್ನು ಒಮ್ಮೆಗೇ ಕರೆಯುವುದಕ್ಕಿಂತ, ಐವರಿಂದ ಆಡಿಸಿ, ದೋಷಗಳನ್ನು ತಿದ್ದಿ, ಮತ್ತೆ ಬೇರೆ ಐವರನ್ನು ಕರೆಯುವುದು ಮೇಲು. ಆದರೆ ಈ ಲೆಕ್ಕ ‘ತಿಳಿಯಲಿಲ್ಲ’ ಎಂಬ ಬಗೆಯ ತೊಡಕಿಗೆ ಮಾತ್ರ ಸಲ್ಲುತ್ತದೆ. ಯಾವ ಮೊಬೈಲಿನಲ್ಲಿ ಆಟ ನಿಂತುಹೋಗುತ್ತದೆಂದು ತಿಳಿಯಲು ಬಗೆಬಗೆಯ ಉಪಕರಣಗಳು ಬೇಕು. ಅವನ್ನು ಕೊಳ್ಳಬೇಕಾಗಿಲ್ಲ, ನೆರೆಹೊರೆಯವರ ಹಳೆಯ ಮೊಬೈಲುಗಳೇ ಸಾಕು.

ಬಂಧುಗಳನ್ನು ಕರೆದರೆ ಹೊಗಳಿಕೆ ದೊರೆಯುತ್ತದೆಯೇ ಹೊರತು ದೋಷ ದೊರೆಯದು. ಅಪರಿಚಿತರೇ ಉತ್ತಮ. ಅವರು ಆಡುವಾಗ ರಚಿಸಿದವನು ಪಕ್ಕದಲ್ಲಿ ಮೌನವಾಗಿ ಕುಳಿತಿರಬೇಕು. ಇದು ಹೇಳಿದಷ್ಟು ಸುಲಭವಲ್ಲ. ತರಗತಿಯಲ್ಲಿ ಹುಡುಗನೊಬ್ಬ ಉತ್ತರಕ್ಕಾಗಿ ತಡವರಿಸುವಾಗ ಬಾಯಿ ಹಾಕದೆ ಕಾಯುವುದು ಎಷ್ಟು ಕಷ್ಟವೆಂಬುದನ್ನು ಪಾಠ ಹೇಳಿದ ನಾನು ಬಲ್ಲೆ. ‘ಆ ಗುಂಡಿ ಒತ್ತಿ’ ಎಂದು ಒಮ್ಮೆ ಹೇಳಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಎಲ್ಲಿ ಕೈ ತಡೆಯಿತು, ಎಲ್ಲಿ ಆಕಳಿಕೆ ಬಂತು, ಯಾವ ಮೊಬೈಲು, ಎಷ್ಟು ಹೊತ್ತಿಗೆ ನಿಂತಿತು ಎಂಬುದನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಪರೀಕ್ಷಕರಿಗೆ ಹಣ ಕೊಡಲಾಗದಿದ್ದರೆ ಕಾಫಿ ತಿಂಡಿಯ ಉಪಚಾರವಾದರೂ ಇರಲಿ. ಅವರೊಪ್ಪಿದರೆ ಆಟದ ಕೊನೆಯಲ್ಲಿ ಹೆಸರೂ ಇರಲಿ. ಮಕ್ಕಳಾದರೆ ತಂದೆತಾಯಿಗಳ ಒಪ್ಪಿಗೆ ಬೇಕೇ ಬೇಕು.

ಕನ್ನಡದ ಆಟಕ್ಕೆ ಇನ್ನೊಂದು ತೊಡಕುಂಟು. ಆಟ ಕಟ್ಟುವ ಕೆಲವು ತಂತ್ರಾಂಶಗಳಿಗೆ ನಮ್ಮ ಒತ್ತಕ್ಷರಗಳನ್ನು ಜೋಡಿಸಲು ಬಾರದು. ಆಗ ‘ಶ್ರೀನಗರ’ ಎಂಬ ಹೆಸರಿನ ಮೊದಲ ಅಕ್ಷರವೇ ಒಡೆದು, ರಕಾರದ ಒತ್ತು ಕೆಳಗೆ ನಿಲ್ಲದೆ ಪಕ್ಕಕ್ಕೆ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಇದು ಸಿಕ್ಕುವುದಿಲ್ಲ. ಕನ್ನಡ ಓದಬಲ್ಲ ನಿಮ್ಮಂತಹ ಒಬ್ಬರ ಕೈಗೆ ಕೊಟ್ಟರೆ ಮೊದಲ ನಿಮಿಷದಲ್ಲಿಯೇ ಸಿಕ್ಕಿಬೀಳುತ್ತದೆ.